ರಾತ್ರಿ ತಲೆ ಎಣಿಸುವ ಕಾಕಾ

ಮೊನ್ನೆ ಚಹಾದಂಗಡಿಯಲ್ಲಿ ಒಬ್ಬರ ಮೊಬೈಲಿನಲ್ಲಿ ಗಾಜಾದ ವಿಡಿಯೋ ಓಡುತ್ತಿತ್ತು. ಬಿದ್ದ ಮನೆಗಳ ನಡುವೆ ಹುಡುಗರು ಚೆಂಡು ಒದೆಯುತ್ತಿದ್ದರು. "ನೋಡ್ರಿ ಸರ, ಮಕ್ಕಳು ಎಷ್ಟು ಗಟ್ಟಿ! ಎರಡು ದಿನದಾಗ ಎಲ್ಲಾ ಮರೀತಾವ" ಅಂದರು. ಜಗಳ ಯಾಕೆ ಅಂತ ಹೂಂ ಅಂದುಬಿಟ್ಟೆ. ಹೂಂ ಅನ್ನಬಾರದಿತ್ತು.

ನಮ್ಮೂರು ಸಿಂಧನೂರು. ಇಲ್ಲಿನ ಆರ್.ಎಚ್. ಕ್ಯಾಂಪುಗಳ, ಅಂದರೆ ಪುನರ್ವಸತಿ ಕ್ಯಾಂಪುಗಳ, ವಿಷಯ ರಾಯಚೂರು ಜಿಲ್ಲೆ ದಾಟಿದರೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ, ಎಲ್ಲಾ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ನೆಲೆ ಕೊಟ್ಟ ಜಾಗ. ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಕ್ಯಾಂಪಿನ ಹುಡುಗ. ಅವರಪ್ಪನನ್ನು ಕಾಕಾ ಅಂತಿದ್ದೆ. ಬಂಗಾಳಿಯಲ್ಲೂ ಕಾಕಾ ಅಂದರೆ ಕಾಕಾನೇ. ಅದೊಂದು ಪದಕ್ಕೆ ಮಾತ್ರ ನಮ್ಮಿಬ್ಬರಿಗೂ ಭಾಷೆ ಅಡ್ಡ ಬರಲಿಲ್ಲ.

ಒಂದು ರಾತ್ರಿ ಅವರ ಮನೆಯಲ್ಲೇ ಉಳಿದೆ. ಅನ್ನ, ಮೀನಿನ ಸಾರು ಉಂಡು ಅಂಗಳದಲ್ಲಿ ಚಾಪೆ ಹಾಸಿಕೊಂಡೆವು. ಎಲ್ಲರೂ ಮಲಗಿದ ಮೇಲೆ ಕಾಕಾ ಬ್ಯಾಟರಿ ಹಿಡಿದು ಬಂದರು. ಯಾರಿಗೂ ಎಚ್ಚರ ಆಗದಿರಲಿ ಅಂತ ಗಾಜಿಗೆ ಅಂಗೈ ಅಡ್ಡ ಹಿಡಿದಿದ್ದರು. ಬೆರಳುಗಳು ಕೆಂಪಗೆ ಕಾಣುತ್ತಿದ್ದವು. ಒಬ್ಬೊಬ್ಬರ ಕಾಲ ಹತ್ತಿರ ನಿಂತು "ಏಕ್, ದುಯ್, ತಿನ್..." ಅಂತ ಎಣಿಸಿದರು. ಒಂದು ಜಾಸ್ತಿ ಬಂತು. ಮತ್ತೆ ಮೊದಲಿಂದ ಶುರು. ಮತ್ತೂ ಜಾಸ್ತಿ. ಮೂರನೇ ಸಲ ನನ್ನ ಮುಖದ ಮೇಲೆ ಬೆಳಕು ಬಿತ್ತು. "ಓ" ಅಂದು ಒಳಗೆ ಹೋದರು.

ಬೆಳಿಗ್ಗೆ ಕೇಳಿದರೆ "ದಿನಾಲೂ ಹಂಗ" ಅಂದ ಗೆಳೆಯ. ಕಾಕಾ ಏಳೆಂಟು ವರ್ಷದವರಿದ್ದಾಗ, ಊರು ಬಿಟ್ಟು ಓಡುವ ರಾತ್ರಿ, ಜನರ ನೂಕಾಟದಲ್ಲಿ ತಂಗಿಯ ಕೈ ತಪ್ಪಿತ್ತಂತೆ. ಆಮೇಲೆ ಸಿಗಲಿಲ್ಲ.

ಇದೇ ಕಾಕಾ ಭತ್ತ ಬೆಳೆದರು, ಮೂರು ಮಕ್ಕಳನ್ನು ಓದಿಸಿದರು, ಜೋಕು ಹೇಳಿ ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತಿದ್ದರು. ಗಟ್ಟಿ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮರೆತಿದ್ದರಾ?

ಮಕ್ಕಳು ಸಂಕಟವನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ದೊಡ್ಡದಾದ ಮಗು ಮತ್ತೆ ಹಾಸಿಗೆ ಒದ್ದೆ ಮಾಡುತ್ತದೆ. ಕಾರಣವಿಲ್ಲದೆ ಹೊಟ್ಟೆನೋವು ಅನ್ನುತ್ತದೆ. ಬಾಂಬು ಬೀಳುವ ಆಟವನ್ನೇ ಮತ್ತೆ ಮತ್ತೆ ಆಡುತ್ತದೆ. ಇಲ್ಲವೇ ಪೂರ್ತಿ ಸುಮ್ಮನಾಗುತ್ತದೆ. ನಾನು ಮೇಷ್ಟ್ರು, ನನ್ನ ತಪ್ಪನ್ನೂ ಸೇರಿಸಿಯೇ ಹೇಳುತ್ತೇನೆ. ಗಲಾಟೆ ಮಾಡುವವನ ಮೇಲೆ ನಮಗೆ ಕಣ್ಣಿರುತ್ತದೆ. ಸುಮ್ನೆ ಕೂತವನಿಗೆ "ಶಾಣ್ಯಾ" ಅಂತ ಬೆನ್ನು ತಟ್ಟಿ ಮುಂದೆ ಹೋಗುತ್ತೇವೆ.

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಮಕ್ಕಳ ಮನಸ್ಸಿನ ತಜ್ಞೆಯರಾದ ಅನ್ನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಲಂಡನ್ನಿನಲ್ಲಿ ಪುಟ್ಟ ಮಕ್ಕಳಿಗಾಗಿ ಆಶ್ರಯ ನಡೆಸುತ್ತಿದ್ದರು. ಅವರು ಕಂಡಿದ್ದು ಇದು: ಅಮ್ಮನ ಪಕ್ಕದಲ್ಲಿದ್ದ ಮಗು ಬಾಂಬಿನ ಸದ್ದನ್ನೂ ತಡೆದುಕೊಂಡಿತು, ಅಮ್ಮನಿಂದ ದೂರವಾದ ಮಗು ಜಾಸ್ತಿ ಕುಗ್ಗಿತು. ಹವಾಯಿಯ ಕೌವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮಿ ವರ್ನರ್ ತಂಡ ದಶಕಗಳ ಕಾಲ ನೋಡುತ್ತಾ ಬಂತು. ಅದು ಯುದ್ಧದ ಕಥೆಯಲ್ಲ, ಬಡತನ ಮತ್ತು ಕುಡುಕ ಮನೆಗಳದ್ದು. ತುಂಬಾ ಕಷ್ಟದಲ್ಲಿ ಬೆಳೆದವರಲ್ಲೂ ಸುಮಾರು ಮೂರರಲ್ಲಿ ಒಂದು ಪಾಲು ಚೆನ್ನಾಗಿಯೇ ನೆಲೆ ನಿಂತರು. ಅಂಥವರ ಬಾಲ್ಯದಲ್ಲಿ ನಂಬಿಕೊಳ್ಳಲು ಒಬ್ಬರಾದರೂ ದೊಡ್ಡವರಿದ್ದರು. ಅಜ್ಜಿಯೋ, ಟೀಚರೋ, ಪಕ್ಕದ ಮನೆಯವರೋ.

ಕಾಕಾಗೂ ಒಬ್ಬಳು ಇದ್ದಳು. ರಕ್ತಸಂಬಂಧ ಏನೂ ಇಲ್ಲದ ಮುದುಕಿ. ದಿನಾ ಬೆಳಿಗ್ಗೆ ಇವರನ್ನೇ ಕೂಗಿ ನೀರು ತರಿಸುತ್ತಿದ್ದಳಂತೆ. ತಡವಾದರೆ ಬೈಗುಳ. "ಬೈಸಿಕೊಳ್ಳೋಕೆ ಒಂದು ಮನೆ ಸಿಕ್ಕಿತ್ತು" ಅಂತಿದ್ದರು.

ಮಕ್ಕಳು ಗಟ್ಟಿ ಅನ್ನುವ ಮಾತು ನನಗೆ ಹಿಡಿಸದಿರುವುದು ಇದಕ್ಕೇ. ಆ ಮಾತಲ್ಲಿ ಮುದುಕಿ ಕಾಣುವುದೇ ಇಲ್ಲ. ಎಲ್ಲಾ ಭಾರ ಮಗುವಿನ ತಲೆ ಮೇಲೆ ಹೊರಿಸಿ ನಾವು ಚಹಾ ಕುಡಿಯಬಹುದು, ಅಲ್ವಾ? ಯುದ್ಧಕ್ಕೆ ಸಿಕ್ಕ ಮಕ್ಕಳಿಗೆ ಡೇರೆ, ಅಕ್ಕಿ, ಔಷಧಿ ಬೇಕೇ ಬೇಕು. ಅದರ ಜೊತೆಗೇ ಶಾಲೆ ಶುರುವಾಗಬೇಕು, ದಿನಾ ಅದೇ ಮುಖ ಬಂದು ಹೆಸರು ಕರೆಯಬೇಕು.

ಕಾಕಾಗೆ ಈಗ ಅರವತ್ತು ದಾಟಿದೆ. ಮಕ್ಕಳೆಲ್ಲ ಬೆಂಗಳೂರಲ್ಲಿ. ಬ್ಯಾಟರಿ ಹೋಗಿ ಮೊಬೈಲ್ ಬಂದಿದೆ. ರಾತ್ರಿ ಹತ್ತಕ್ಕೆ ಒಬ್ಬೊಬ್ಬರಿಗೇ ಫೋನು. ಹೋದ ವಾರ ನನಗೂ ಬಂತು.

"ಮನಿ ಮುಟ್ಟಿದೇನಪ್ಪಾ?"

"ಮುಟ್ಟೇನಿ ಕಾಕಾ."

ಇಟ್ಟುಬಿಟ್ಟರು.