ಒಳಗೆ ಯಾರಿದ್ದೀರಿ?

ಕೆಲಸ ಬದಲಿಸಲೋ ಬೇಡವೋ ಅಂತ ಮೂರು ದಿನದಿಂದ ಒದ್ದಾಡುತ್ತಿದ್ದೆ. ಗೆಳೆಯನಿಗೆ ಫೋನ್ ಮಾಡಿ ಅರ್ಧ ಗಂಟೆ ಗೋಳು ತೋಡಿಕೊಂಡೆ. ಎಲ್ಲ ಕೇಳಿಸಿಕೊಂಡವನು, "ನಿನ್ನ ಮನಸ್ಸನ್ನೇ ಕೇಳು ಮಾರಾಯ" ಅಂದು ಇಟ್ಟೇಬಿಟ್ಟ. ಅಲ್ಲ, ಮನಸ್ಸಿಗೆ ಗೊತ್ತಿದ್ದಿದ್ದರೆ ಇವನಿಗ್ಯಾಕೆ ಫೋನ್ ಮಾಡುತ್ತಿದ್ದೆ?

ಆದರೂ ಕೇಳಿದೆ. ಬಾಗಿಲು ಹಾಕಿ, ಕಣ್ಣು ಮುಚ್ಚಿ, ಒಳಗೆ ಏನನ್ನಿಸುತ್ತಿದೆ ಅಂತ ನೋಡಿದೆ. ನಿದ್ದೆ ಬರುತ್ತಿದೆ ಅನ್ನಿಸಿತು. ಸ್ವಲ್ಪ ಆಳಕ್ಕಿಳಿದರೆ ಸೊಂಟ ನೋವು. ಅದರ ಕೆಳಗೆ ಆ ಗೆಳೆಯನ ಮೇಲಿನ ಸಿಟ್ಟು. ಹೊಸ ಕೆಲಸದ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ.

ಸರಿ, ಪಟ್ಟಿ ಮಾಡೋಣ ಅಂತ ಹಾಳೆ ತೆಗೆದಾಗ ಡಾರ್ವಿನ್ ನೆನಪಾದ. 1838ರಲ್ಲಿ ಅವನೂ ಹೀಗೇ, ಮದುವೆಯಾಗಲೋ ಬೇಡವೋ ಅಂತ ಒಂದು ಚೂರು ಕಾಗದದಲ್ಲಿ ಎರಡು ಕಡೆ ಬರೆದಿದ್ದ. ಆಗದಿದ್ದರೆ ಬೇಕಾದ ಕಡೆ ತಿರುಗಬಹುದು, ಜಾಣರ ಜೊತೆ ಹರಟಬಹುದು, ನೆಂಟರ ಮನೆಗೆ ಹೋಗುವ ಕಾಟವಿಲ್ಲ. ಮದುವೆಯಾದರೆ ಪುಸ್ತಕಕ್ಕೆ ದುಡ್ಡು ಸಾಲದು, ಹೊತ್ತೂ ಹಾಳು. ಇನ್ನು ಹೆಂಡತಿಯ ಪರವಾಗಿ ಏನು? ಮುಪ್ಪಿಗೆ ಜೊತೆ, ಪ್ರೀತಿಸಲು ಒಂದು ಜೀವ, 'ಹೇಗೂ ನಾಯಿಗಿಂತ ವಾಸಿ'. ಹೌದು, ಹಾಗೇ ಬರೆದಿದ್ದಾನೆ, ಪುಣ್ಯಾತ್ಮ! ಇಷ್ಟೆಲ್ಲ ತೂಗಿದವನು ಕೊನೆಗೆ ತಕ್ಕಡಿಯನ್ನೇ ಪಕ್ಕಕ್ಕಿಟ್ಟ. ಹೊಗೆ ತುಂಬಿದ ಲಂಡನ್ನಿನ ಮನೆಯಲ್ಲಿ ಒಂಟಿಯಾಗಿ ಜೇನುಹುಳದ ಹಾಗೆ ದುಡಿದು ದುಡಿದು ಸಾಯೋದೇ ಅಂತ ಅಳುಕಿದ, ಬೆಚ್ಚಗೆ ಬೆಂಕಿ, ಸೋಫಾ ಮೇಲೆ ಹೆಂಡತಿ ಅಂತ ಚಿತ್ರ ಕಟ್ಟಿಕೊಂಡ, ಆಗು ಆಗು ಆಗು ಅಂತ ಮೂರು ಸಲ ಬರೆದು ಮುಗಿಸಿದ. 1839ರ ಜನವರಿಯಲ್ಲಿ ಸೋದರಮಾವನ ಮಗಳು ಎಮ್ಮಾಳ ಜೊತೆ ಮದುವೆ. ಆಮೇಲೆ ಹತ್ತು ಮಕ್ಕಳು! ಪುಸ್ತಕದ ದುಡ್ಡು ಎಲ್ಲಿ ಹೋಗಿರಬಹುದು ನೀವೇ ಲೆಕ್ಕ ಹಾಕಿ.

ನನ್ನ ಹಾಳೆಯಲ್ಲಿ ಎರಡೂ ಕಡೆ ಏಳೇಳು ಕಾರಣ ಬಂದವು. ಸೋಫಾ ಮಾತ್ರ ಬರಲಿಲ್ಲ. ಕಾರಣ ಬರೆಯೋದೂ ಅಷ್ಟು ನಂಬುವಂಥದ್ದಲ್ಲ ಅಂತೆ. 1991ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಸ್ಟ್ರಾಬೆರಿ ಜಾಮ್ ಕೊಟ್ಟು ಯಾವುದು ಚೆನ್ನಾಗಿದೆ ಹೇಳಿ ಅಂದರು. ಸುಮ್ನೆ ತಿಂದು ಹೇಳಿದವರು ಪರಿಣತರ ಮಾತಿಗೆ ಹತ್ತಿರ ಬಂದರು, ಯಾಕೆ ಇಷ್ಟ ಅಂತ ಕೂತು ಬರೆದವರು ದೂರ ಹೋದರು. ಅಂದರೆ ನನ್ನ ಏಳೇಳು ಹದಿನಾಲ್ಕೂ ದಂಡ, ಅಲ್ವಾ?

ಇದನ್ನೆಲ್ಲ ಯೋಚಿಸುತ್ತಿದ್ದಾಗ ಗೆಳೆಯನೇ ಫೋನ್ ಮಾಡಿದ. "ಮನಸ್ಸು ಏನಂತು?"

"ನಿನ್ನನ್ನ ಕೇಳು ಅಂತು," ಅಂದೆ.