ಹೊರದೇಶದ ಕೈದಿಗೂ ಹೇಬಿಯಸ್ ಕಾರ್ಪಸ್ ಬೇಕೇ?

ಪರ

ಹಿಡಿದವನನ್ನು ಕರೆತನ್ನಿ, ಯಾವ ಕಾನೂನಿನಡಿ ಹಿಡಿದಿರಿ ಹೇಳಿ. ಕೋರ್ಟಿಗೆ ಹಾಕುವ ಹೇಬಿಯಸ್ ಕಾರ್ಪಸ್ ಅರ್ಜಿ ಕೇಳುವುದು ಇಷ್ಟೇ. 2008ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬೂಮೆದಿಯನ್ ಪ್ರಕರಣದಲ್ಲಿ, ಕ್ಯೂಬಾದಲ್ಲಿರುವ ಅಮೆರಿಕದ ಸೇನಾನೆಲೆ ಗ್ವಾಂಟನಾಮೊದ ಕೈದಿಗಳಿಗೂ ಈ ಹಕ್ಕಿದೆ ಎಂದಿತು. ಐವರು ಪರ, ನಾಲ್ವರು ವಿರುದ್ಧ. ಅರ್ಜಿ ಹಾಕಿದ, ಅಲ್ಜೀರಿಯಾದಲ್ಲಿ ಹುಟ್ಟಿದ ಬೂಮೆದಿಯನ್ ಸಿಕ್ಕಿದ್ದು ಯುದ್ಧಭೂಮಿಯಲ್ಲಲ್ಲ, ಬೋಸ್ನಿಯಾದಲ್ಲಿ. ಅಲ್ಲಿನ ಸುಪ್ರೀಂ ಕೋರ್ಟ್ ಬಿಡಿ ಎಂದ ಮೇಲೂ ಅಮೆರಿಕ ಹೊತ್ತೊಯ್ದಿತು. ತೀರ್ಪಿನ ನಂತರ ಕೆಳ ನ್ಯಾಯಾಲಯ ಕಡತ ತೆರೆಸಿದರೆ, ಸರ್ಕಾರ ನೆಚ್ಚಿಕೊಂಡಿದ್ದು ಹೆಸರಿಲ್ಲದ ಒಬ್ಬ ಮಾಹಿತಿದಾರನ ಮಾತನ್ನು! ಅಷ್ಟರ ಮೇಲೆ ಏಳು ವರ್ಷದ ಸೆರೆ.

ಅದೇ ವರ್ಷ ಜುಲೈನಲ್ಲಿ ನಮ್ಮ ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂತು. ಅಲ್ಲಿಯವರೆಗೆ ಬೀದರಿನವರು ಇಂಥ ಅರ್ಜಿ ಹಾಕಬೇಕೆಂದರೆ ರಾತ್ರಿಯಿಡೀ ಕೂತು ಬೆಂಗಳೂರು ಸೇರಬೇಕಿತ್ತು. ಕೋರ್ಟಿನ ಬಾಗಿಲು ದೂರವಿದ್ದರೆ ಏನಾಗುತ್ತದೆ ಎಂದು ಈ ಭಾಗದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗ್ವಾಂಟನಾಮೊದಲ್ಲಿ ಆ ದೂರವನ್ನು ಬೇಕೆಂದೇ ಮಾಡಿದ್ದು. 1903ರಲ್ಲಿ ಕ್ಯೂಬಾದಿಂದ ಗುತ್ತಿಗೆ ಪಡೆದ ನೆಲ. ಕಾವಲು, ಆಡಳಿತ ಎಲ್ಲ ಅಮೆರಿಕದ್ದು, ಅದರ ಸಂವಿಧಾನ ಮಾತ್ರ ಅಲ್ಲಿ ನಡೆಯದಂತೆ. ಲಾವಣಿಗೆ ಹಿಡಿದ ಹೊಲದಲ್ಲಿ ತೊಗರಿ ನನ್ನದು, ತಂಟೆ ಒಡೆಯನದು ಅಂದಂಗಾಯ್ತು.

ನಮ್ಮ 21ನೇ ವಿಧಿ ‘ವ್ಯಕ್ತಿ’ ಎನ್ನುತ್ತದೆ, ‘ನಾಗರಿಕ’ ಎನ್ನುವುದಿಲ್ಲ. 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಸುಪ್ರೀಂ ಕೋರ್ಟಿನ ನಾಲ್ವರು ಈ ಅರ್ಜಿಯನ್ನು ಕೇಳಲೇ ಬರುವುದಿಲ್ಲ ಎಂದಾಗ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ನಾಲ್ವರ ಮಾತು ತಪ್ಪೆಂದು ಅದೇ ಕೋರ್ಟ್ ಹೇಳಲು 2017 ಬರಬೇಕಾಯಿತು.

ವಿರೋಧ

ಲಾವಣಿ ಹೊಲದ ಹೋಲಿಕೆ ಚೆನ್ನಾಗಿದೆ. ಆದರೆ 21ನ್ನು ಓದಿದವರು ಮುಂದಿನ ವಿಧಿಯನ್ನೂ ಓದಬೇಕಿತ್ತು. ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತನ್ನಿ ಎನ್ನುವ 22ನೇ ವಿಧಿಯೇ, ವೈರಿದೇಶದವನಿಗೆ ಇದು ಅನ್ವಯಿಸದು ಎಂದೂ ಹೇಳುತ್ತದೆ. ಅಮೆರಿಕದ ಸುಪ್ರೀಂ ಕೋರ್ಟೂ 1950ರಲ್ಲಿ ಜರ್ಮನ್ ಕೈದಿಗಳಿಗೆ ಹೇಬಿಯಸ್ ಕಾರ್ಪಸ್ ಹಕ್ಕನ್ನು ನಿರಾಕರಿಸಿತ್ತು.

ಬೂಮೆದಿಯನ್‌ಗೆ ಅನ್ಯಾಯವಾಯಿತು, ಒಪ್ಪೋಣ. ಅದನ್ನೇ ಎಲ್ಲರಿಗೂ ನಿಯಮ ಮಾಡಿದರೆ? ಗುಂಡು ಹಾರುವ ಜಾಗದಲ್ಲಿ ಹಿಡಿದವನಿಗೆ ಸೈನಿಕ ಪಂಚನಾಮೆ ಬರೆಯುತ್ತಾ ಕೂರುತ್ತಾನೆಯೇ? ಸುಳಿವು ಕೊಟ್ಟವನ ಹೆಸರು ಕೋರ್ಟಿನಲ್ಲಿ ಬಂದರೆ ಆತ ಉಳಿಯುತ್ತಾನೆಯೇ? ಅಮೆರಿಕದ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಅದೇ ಪ್ರಕರಣದ ಭಿನ್ನ ತೀರ್ಪಿನಲ್ಲಿ ಎತ್ತಿದ ತಕರಾರು ಇನ್ನೂ ಸರಳ: ಶಾಸಕಾಂಗ ಪರಿಶೀಲನೆಗೊಂದು ದಾರಿ ಮಾಡಿಕೊಟ್ಟಿತ್ತು, ಅದರಲ್ಲಿ ನಡೆದು ನೋಡುವ ಮೊದಲೇ ಅದು ಸಾಲದು ಎಂದುಬಿಟ್ಟಿರಿ.

ಇನ್ನು ಹಕ್ಕು ಸಿಕ್ಕ ಮೇಲಾದರೂ ಆದದ್ದೇನು? ಗ್ವಾಂಟನಾಮೊದಲ್ಲಿದ್ದ, ಚೀನಾದ ಉಯಿಗರ್ ಸಮುದಾಯದ 17 ಕೈದಿಗಳನ್ನು ಅಮೆರಿಕದೊಳಗೆ ಬಿಡಿ ಎಂದು 2008ರ ಅಕ್ಟೋಬರ್‌ನಲ್ಲಿ ಆದೇಶವಾಯಿತು. ದೇಶದೊಳಗೆ ಯಾರನ್ನು ಬಿಟ್ಟುಕೊಳ್ಳಬೇಕೆಂದು ಹೇಳುವುದು ನ್ಯಾಯಾಧೀಶರ ಕೆಲಸವಲ್ಲ ಎಂದು ಮೇಲ್ಮನವಿ ನ್ಯಾಯಾಲಯ ಮರುವರ್ಷ ಅದನ್ನು ರದ್ದು ಮಾಡಿತು. ಆಮೇಲೆ ರಾಯಭಾರಿಗಳು, ಇವರನ್ನು ಇಟ್ಟುಕೊಳ್ಳುತ್ತೀರಾ ಎಂದು ಒಂದೊಂದೇ ದೇಶವನ್ನು ಕೇಳುತ್ತಾ ಹೋದರು. ಕೊನೆಯ ಮೂವರು ಸ್ಲೊವಾಕಿಯಾಕ್ಕೆ ಹೊರಟಾಗ 2013 ಮುಗಿಯುತ್ತಿತ್ತು.