ಸ್ಪಷ್ಟನೆ: ಕತ್ತು ತಿರುಗಿಸಿದರೆ ಸೆರೆಬ್ರಲ್ ಪಾಲ್ಸಿ ವಾಸಿಯಾಗುವುದಿಲ್ಲ

ಕೈರೊಪ್ರಾಕ್ಟರ್ (ಬೆನ್ನು, ಕತ್ತಿನ ಕೀಲುಗಳನ್ನು ಕೈಯಿಂದ ಒತ್ತಿ, ತಿರುಗಿಸಿ ಚಿಕಿತ್ಸೆ ಕೊಡುವವರು) ಒಬ್ಬರು ಪುಟ್ಟ ಮಗುವಿನ ಕತ್ತು ತಿರುಗಿಸಿ ಲಟಕ್ಕನೆ ಸದ್ದು ಬರಿಸುವ ವಿಡಿಯೊ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ‘ಮೂಳೆ ಸರಿ ಕೂರಿಸಿದರೆ ಸೆರೆಬ್ರಲ್ ಪಾಲ್ಸಿ ವಾಸಿ, ಫಿಟ್ಸ್ ಮಾತ್ರೆಯೂ ಬೇಡ’ ಎಂಬ ಒಕ್ಕಣೆ ಜೊತೆಗಿದೆ. ಇದು ತಪ್ಪು.

ಸೆರೆಬ್ರಲ್ ಪಾಲ್ಸಿ ಎಂದರೆ ಮಗುವಿನ ಮೈಕೈ ಚಲನೆ, ಹಿಡಿತಕ್ಕೆ ತೊಂದರೆಯಾಗುವ ಸ್ಥಿತಿ. ಅದು ಬೆನ್ನುಮೂಳೆ ಜರುಗಿ ಬರುವಂಥದ್ದಲ್ಲ. ಬೆಳೆಯುತ್ತಿರುವ ಮಿದುಳಿಗೆ ಗರ್ಭದಲ್ಲೋ, ಹೆರಿಗೆ ವೇಳೆಯಲ್ಲೋ, ಹುಟ್ಟಿದ ಹೊಸದರಲ್ಲೋ ಆದ ಹಾನಿಯಿಂದ ಬರುವುದು. ಆ ಲಟಕ್ ಸದ್ದು ಕೀಲಿನ ದ್ರವದಲ್ಲಿನ ಅನಿಲದ್ದು, ಬೆರಳಿನ ಲಟಿಕೆ ಮುರಿದಾಗ ಬರುವಂಥದೇ. ಮೂಳೆ ಜಾಗಕ್ಕೆ ಕೂತದ್ದರ ಗುರುತಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2019ರಲ್ಲಿ ನಡೆಸಿದ ಪರಿಶೀಲನೆಯಲ್ಲಿ, 12 ವರ್ಷದೊಳಗಿನ ಮಕ್ಕಳಿಗೆ ಕೈರೊಪ್ರಾಕ್ಟರ್‌ಗಳು ಹೀಗೆ ಬೆನ್ನುಮೂಳೆ ತಿರುಗಿಸುವುದರಿಂದ ಪ್ರಯೋಜನವಿದೆ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ.

ನನಗೆ ಹೆಚ್ಚು ಆತಂಕ ತಂದದ್ದು ಮಾತ್ರೆಯ ಮಾತು. ಫಿಟ್ಸ್ ಮಾತ್ರೆ ಏಕಾಏಕಿ ನಿಲ್ಲಿಸಿದರೆ ಸೆಳೆತ ಬಿಡದೆ ಹಿಡಿದು ಮಗುವಿನ ಪ್ರಾಣಕ್ಕೇ ಕುತ್ತಾಗಬಹುದು. ಮಾತ್ರೆ ಕಡಿಮೆ ಮಾಡುವುದು, ಬಿಡಿಸುವುದು ಡಾಕ್ಟರ ತೀರ್ಮಾನ.

ಬಿಗಿದ ಕೈಕಾಲಿಗೆ ನೆರವಾಗುವುದು ನಿತ್ಯದ ಫಿಸಿಯೊಥೆರಪಿ, ಆಕ್ಯುಪೇಷನಲ್ ಥೆರಪಿ (ಉಣ್ಣುವುದು, ಬಟ್ಟೆ ಹಾಕುವುದು ಮುಂತಾದ ನಿತ್ಯದ ಕೆಲಸಗಳ ತರಬೇತಿ), ಕೆಲವರಿಗೆ ಬೊಟಾಕ್ಸ್ ಇಂಜೆಕ್ಷನ್. ನಿಧಾನದ ದಾರಿ, ನಿಜ. ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆ ಬೇಗನೆ ಚಿಕಿತ್ಸೆ ಕೊಡುವ ಜಿಲ್ಲಾ ಕೇಂದ್ರ) ಎಲ್ಲಿದೆ ಎಂದು ಕೇಳಿ. ಇಂಥ ಮಕ್ಕಳಿಗೆಂದೇ ಇರುವ ಸರ್ಕಾರಿ ಸೇವೆ ಅದು.

ದಯವಿಟ್ಟು ಆ ವಿಡಿಯೊ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.